ಗೋಡೆಯೊಳಗಿನ ಮೇಜು, ಅವ್ವನ ರೊಟ್ಟಿ

ನೌಬಾದದ ನಮ್ಮ ಬಾಡಿಗೆ ಮನೆಯ ಅಡುಗೆಮನೆ 6 ಅಡಿ ಅಗಲ, 8 ಅಡಿ ಉದ್ದ. ಒಂದು ಕಡೆ ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆ, ಪಕ್ಕದಲ್ಲಿ ಸಿಂಕು. ಕೆಳಗೆ ಸಿಲಿಂಡರ್, ಜೋಳದ ಹಿಟ್ಟಿನ ಡಬ್ಬಿ. ಉಳಿಯುವುದು ಇಬ್ಬರು ನಿಲ್ಲುವಷ್ಟು ಜಾಗ. ಗಂಡ ಹೆಂಡತಿ ನಾವಿಬ್ಬರೇ ಇದ್ದಾಗ ಹೇಗೋ ನಡೆದಿತ್ತು. ದಸರಾ ಮುಗಿದ ಮೇಲೆ ಔರಾದ ಕಡೆಯ ಹಳ್ಳಿಯಿಂದ ಅವ್ವ ಬಂದಳು, ಆಗ ನಡೆಯಲಿಲ್ಲ.

ಅವ್ವನಿಗೆ ಮೊಣಕಾಲು ನೋವು. ನೆಲಕ್ಕೆ ಕೂತರೆ ಏಳಲು ಇಬ್ಬರು ಹಿಡಿಯಬೇಕು. ನಿಂತು ಮಾಡೋಣ ಎಂದರೆ ಕಟ್ಟೆ ಆಕೆಯ ಎದೆಮಟ್ಟ ಬರುತ್ತದೆ. ರೊಟ್ಟಿ ತಟ್ಟಬೇಕಾದರೆ ತೋಳಿನ ಭಾರ ಮೇಲಿನಿಂದ ಬೀಳಬೇಕು, ಎದೆಮಟ್ಟದಲ್ಲಿ ಅದು ಆಗುವುದಿಲ್ಲ. "ಅವ್ವಾ, ನೀ ಸುಮ್ನೆ ಕೂಡು, ನಾವು ಮಾಡ್ತೀವಿ" ಎಂದೆವು. ಕೂತಳು. ಎರಡನೇ ವಾರ, "ನನ್ನ ಊರಿಗಿ ಬಿಟ್ಟು ಬರ್ರಿ. ಇಲ್ಲಿ ನಂದೇನು ಕೆಲಸದ?" ಎಂದಳು. ಊರಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲ.

ಆಗಲೇ ಮೊಬೈಲಿನಲ್ಲಿ ಆ ವಿಡಿಯೋಗಳು ಕಣ್ಣಿಗೆ ಬಿದ್ದವು. ನೀವೂ ನೋಡಿರುತ್ತೀರಿ. ಗುಂಡಿ ಒತ್ತಿದರೆ ಕಟ್ಟೆಯೊಳಗಿನಿಂದ ಮಿಕ್ಸರಿನ ಪ್ಲಗ್ ಮೇಲೆ ಬರುತ್ತದೆ, ಡ್ರಾಯರ್ ಎಳೆದರೆ ಊಟದ ಮೇಜು ಆಗುತ್ತದೆ, ಗೋಡೆಯ ಹಲಗೆ ಕೆಳಗಿಳಿದು ಟೇಬಲ್ ಆಗುತ್ತದೆ. ಮೇಲಿನ ಕಪಾಟಿನ ಬಾಗಿಲು ತಾನೇ ನಿಧಾನ ಏಳುವುದಕ್ಕೆ ಬದಿಯಲ್ಲಿ ಒಂದು ಸಣ್ಣ ಕೊಳವೆ ಇರುತ್ತದೆ. ಅದರೊಳಗೆ ಒತ್ತಿ ತುಂಬಿದ ನೈಟ್ರೋಜನ್ ಅನಿಲವೇ ಬಾಗಿಲನ್ನು ತಳ್ಳುತ್ತದೆ. ನೋಡುವುದಕ್ಕೆ ಜಾದೂ.

ಬೀದರ್‌ನ ಅಂಗಡಿಯೊಂದರಲ್ಲಿ 7,500 ರೂಪಾಯಿ ಕೊಟ್ಟು ಮಡಚುವ ಮೇಜು ಹಾಕಿಸಿದೆವು. ಅದಕ್ಕೂ ಅಂಥದೇ ಕೊಳವೆ ಇತ್ತು. ಹುಡುಗರು ಬಂದು ಅರ್ಧ ಗಂಟೆಯಲ್ಲಿ ಡ್ರಿಲ್ ಹೊಡೆದು ಹೋದರು. ಅವ್ವ ಸ್ಟೂಲಿನ ಮೇಲೆ ಕೂತು ಮೊದಲ ದಿನ ಹನ್ನೆರಡು ರೊಟ್ಟಿ ತಟ್ಟಿದಳು. ಆ ದಪ್ ದಪ್ ಸದ್ದು ಕೇಳಿ ಪಕ್ಕದ ಮನೆಯವರು ಬಂದು ನೋಡಿ ಹೋದರು.

ನಾಲ್ಕನೇ ದಿನ ಮೇಜು ಗೋಡೆ ಬಿಟ್ಟು ಬಂತು. ಹಿಟ್ಟು, ನೀರು, ಹಂಚಿಗೆ ಹೋಗಬೇಕಾದ ರೊಟ್ಟಿ ಎಲ್ಲ ನೆಲಕ್ಕೆ. ಅವ್ವನ ಪಾದ ಜಜ್ಜಿತು. ಆಕೆ ಪಾದ ನೋಡಿಕೊಳ್ಳಲಿಲ್ಲ, "ನಾನೇ ಜೋರ ತಟ್ಟಿದ್ನೇನೋ" ಎಂದಳು. ನಮಗೆ ಹೊಟ್ಟೆಯೊಳಗೆ ಕೈ ಹಾಕಿದಂತಾಯಿತು. ಅಂಗಡಿಗೆ ಹೋದರೆ, "ಇದು ಊಟಕ್ಕೆ ಕೊಟ್ಟದ್ದು, ಕುಟ್ಟೋಕಲ್ಲ" ಎಂಬ ಉತ್ತರ.

ಸಿಟ್ಟು ಇಳಿದ ಮೇಲೆ ಗೋಡೆ ನೋಡಿದೆವು. ಹಳೆಯ ಕೆಂಪು ಜಂಬಿಟ್ಟಿಗೆ ಕಲ್ಲಿನದು, ತೂತು ತೂತು. ಮೇಲೆ ಒಂದು ಇಂಚು ಗಿಲಾವು. ಸ್ಕ್ರೂ ಹಿಡಿದದ್ದು ಬರೀ ಗಿಲಾವನ್ನು. ಎರಡು ಅಡಿ ಮುಂದೆ ಚಾಚಿದ ಹಲಗೆಯ ತುದಿಗೆ ಏಟು ಬಿದ್ದಾಗಲೆಲ್ಲ ಹಾರೆಯಿಂದ ಮೀಟಿದ ಹಾಗೆ ಮೇಲಿನ ಸ್ಕ್ರೂ ಹೊರಗೆ ಕೀಳುತ್ತದೆ. ಅನಿಲದ ಕೊಳವೆ ಹಲಗೆಯನ್ನು ಮೆಲ್ಲಗೆ ಇಳಿಸಲು ಇರುವುದು, ಏಟು ತಡೆಯಲು ಅಲ್ಲ. ತಪ್ಪು ಅವ್ವನ ಕೈಯದಲ್ಲ.

ಈ ನಮೂನೆಯ ಅಡುಗೆಮನೆ ಶುರುವಾದದ್ದು ಜರ್ಮನಿಯಲ್ಲಿ. 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ ಮಾರ್ಗರೆಟೆ ಶುಟೆ-ಲಿಹೊಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಸುಮಾರು 6 ಅಡಿ ಅಗಲ, 11 ಅಡಿ ಉದ್ದದ ಅಡುಗೆಮನೆ ರೂಪಿಸಿದರು. ರೈಲಿನ ಅಡುಗೆ ಡಬ್ಬಿಯೇ ಅದಕ್ಕೆ ಮಾದರಿ. ಗೋಡೆಗೆ ಮಡಚುವ ಇಸ್ತ್ರಿ ಹಲಗೆಯೂ ಅದರಲ್ಲಿತ್ತು. ಅಂಥವು ಸುಮಾರು 10,000 ಕಟ್ಟಿದರು. ಅಲ್ಲಿಯವರೆಗೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡರು. ಹೆಜ್ಜೆ ಅಳೆದರು, ಸಮಯ ಅಳೆದರು. ಜೋಳದ ರೊಟ್ಟಿಯ ಏಟು ಅವರ ಲೆಕ್ಕದಲ್ಲಿ ಎಲ್ಲಿಂದ ಬರಬೇಕು!

ಅಡಗಿಸಿಡುವ ವಿದ್ಯೆ ನಮಗೆ ಹೊಸದೂ ಅಲ್ಲ. ನೌಬಾದದಲ್ಲಿ ಬಹಮನಿ ಕಾಲದವರು ನೀರನ್ನೇ ನೆಲದೊಳಗಿನ ಕರೇಜ್ ಸುರಂಗದಲ್ಲಿ ಹರಿಸಿದರು. ಹಳ್ಳಿಯ ಮನೆಗಳಲ್ಲಿ ದಪ್ಪ ಗೋಡೆಯೊಳಗೆ ಗೂಡು, ನೆಲದೊಳಗೆ ಹಗೇವು. ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಅದರ ಮೇಲೇ ಓಡಾಟ. ತೆಗೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ ಎಂಬುದೂ ಎಲ್ಲರಿಗೆ ಗೊತ್ತಿತ್ತು. ಆದರೆ ಆ ಗೋಡೆಗಳು ಎರಡು ಅಡಿ ದಪ್ಪ, ಈಗಿನವು ಒಂಬತ್ತು ಇಂಚು.

ಕೊನೆಗೆ ಭಾಲ್ಕಿಯ ಬಡಿಗೇರರೊಬ್ಬರನ್ನು ಕರೆತಂದೆವು. ಅವರು ಗೋಡೆಯ ಕಡೆ ನೋಡಲೇ ಇಲ್ಲ, ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ ಮೊಣಕೈ ಅಳೆದರು. ಕಟ್ಟೆಯ ಕೆಳಗಿನ ಚೌಕಟ್ಟಿಗೆ ಕಬ್ಬಿಣದ ಬಿಜಾಗರಿ, ಹಲಗೆಗೆ ಬೇವಿನ ಮರ, ಮುಂದಿನ ತುದಿಗೆ ಮಡಚುವ ಎರಡು ಕಾಲು. ಭಾರವೆಲ್ಲ ನೆಲಕ್ಕೆ. ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ ಎಂದೂ ಹೇಳಿದರು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅದನ್ನು ಕಿಟಕಿ ಕಡೆಗೆ ಬಯಲಿಗೆ ತಂದೆವು. ಖರ್ಚು 3,200.

ಇದನ್ನು ಬರೆಯಲು ಒಂದು ಕಾರಣವಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ 270 ಚದರ ಅಡಿಯ ಹತ್ತಿರ. ನಿಮ್ಮಲ್ಲಿ ಹಲವರು ಅಂಥ ಮನೆ ಕಟ್ಟುತ್ತಿದ್ದೀರಿ. ಮಡಚುವ ಮೇಜು ಬೇಕೆನಿಸಿದರೆ ಗಿಲಾವಿಗೆ ಮೊದಲೇ ಗೋಡೆಯಲ್ಲಿ ಮರದ ತುಂಡು ಕೂರಿಸಿಕೊಳ್ಳಿ. ಪ್ಲೈವುಡ್ ತರುವುದಾದರೆ ಐಎಸ್‌ಐ ಗುರುತಿನ ಜತೆ 710 ಎಂಬ ಅಂಕಿ ನೋಡಿ, ಅದು ನೀರು ತಡೆಯುವ ದರ್ಜೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಅದರ ಮೇಲೆ ನಾಲ್ಕು ಏಟು ತಟ್ಟಿ ನೋಡಿ. ನಕ್ಕರೆ ನಗಲಿ.

ಎಳ್ಳಮಾಸಿಯ ಹಿಂದಿನ ದಿನ ಹೊಲಕ್ಕೆ ಒಯ್ಯಲು ಅವ್ವ ನಲವತ್ತು ರೊಟ್ಟಿ ಮಾಡಿದಳು. ಭಜ್ಜಿ ಮಾತ್ರ ನಮಗೆ ಬಿಟ್ಟಳು. ರಾತ್ರಿ ಮೇಜು ಮಡಚಲು ಹೋದರೆ ತಡೆದಳು, "ಇರಲಿ ಬಿಡ್ರಿ, ಮುಂಜಾನೆ ಮತ್ತ ತೆಗೀಬೇಕಲ್ಲ." ಅಂದಿನಿಂದ ಆ ಮಡಚುವ ಮೇಜು ಮಡಚಿಯೇ ಇಲ್ಲ. ನಾವು ಅಡ್ಡ ತಿರುಗಿ, ಹೊಟ್ಟೆ ಒಳಗೆ ಎಳೆದುಕೊಂಡು ಸಿಂಕಿನ ಹತ್ತಿರ ಹೋಗುತ್ತೇವೆ.