ವಾಹನಪೂಜೆಯ ಮರುದಿನ

ಕಲಬುರಗಿಯಲ್ಲಿ ಹೊಸ ಕಾರು ಕೊಂಡ ಗೃಹಸ್ಥನಿಗೆ ಹಾದಿಯನ್ನು ಯಾರೂ ತೋರಿಸಬೇಕಾಗಿಲ್ಲ. ಅಂಗಡಿಯಿಂದ ಹೊರಟ ಬಂಡಿ ನೇರವಾಗಿ ಶರಣಬಸವೇಶ್ವರರ ಗುಡಿಯ ಮುಂದೆ ನಿಲ್ಲುತ್ತದೆ. ಮೂತಿಗೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿಯ ಮೂರು ಗೆರೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಕಾಯಿ ಒಡೆದು, ಪೇಢೆ ಹಂಚಿ, ಮನೆಮಂದಿಯೆಲ್ಲ ಒತ್ತೊತ್ತಾಗಿ ಕುಳಿತು ಮನೆ ಸೇರಿದರೆ ಆ ಸಂಸಾರದ ಬಹುದಿನದ ಬಯಕೆಯೊಂದು ಕೈಗೂಡಿದಂತೆಯೇ. ಸಾಲದ ಕಂತುಗಳು ಇನ್ನು ಆರಂಭವಾಗುತ್ತವೆ ಎಂಬುದು ಆ ಗಳಿಗೆಯಲ್ಲಿ ಯಾರ ನೆನಪಿಗೂ ಬಾರದು.

ಪೂಜೆಯ ಮರುದಿನವೇ ಕಾರಿನೊಳಗೆಲ್ಲೋ ಒಂದು ಸಣ್ಣ ಸದ್ದು ಹುಟ್ಟುತ್ತದೆ. ಮೊದಲು ಹೆಂಡತಿಯ ಕಿವಿಗೆ, ಬಳಿಕ ಮಕ್ಕಳ ಕಿವಿಗೆ, ಕಟ್ಟಕಡೆಗೆ ಯಜಮಾನನ ಕಿವಿಗೆ ಅದು ಬೀಳುತ್ತದೆ. ದುರಸ್ತಿಯ ಕಾರ್ಖಾನೆಗೆ ಒಯ್ದರೆ, ವೈದ್ಯರ ಮುಂದೆ ಕುಳಿತ ರೋಗಿಯ ಜ್ವರ ಇಳಿಯುವಂತೆ ಸದ್ದು ತಟ್ಟನೆ ಅಡಗುತ್ತದೆ. “ಎಲ್ಲಾ ಬರಾಬರಿ ಅದರಿ, ಸಾಹೇಬ್ರ” ಎಂಬ ಅಭಯ ದೊರೆಯುತ್ತದೆ. ಕಮಲಾಪುರದ ಕೆಂಪು ಬಾಳೆಹಣ್ಣು ತರೋಣವೆಂದು ಹುಮನಾಬಾದ್ ರಸ್ತೆ ಹಿಡಿದರೆ, ಸದ್ದು ಮತ್ತೆ ಜೊತೆಗೂಡುತ್ತದೆ.

ಹಿಂದಿನ ತಲೆಮಾರಿನವರಿಗೆ ಈ ಸಂಕಟ ಬೇರೆ ಬಗೆಯದಾಗಿತ್ತು. ಅಂಬಾಸಿಡರ್ ಅಥವಾ ಫಿಯಟ್ ಕಾರಿಗಾಗಿ ವರ್ಷಗಟ್ಟಲೆ ಕಾದವನು ಬಂದದ್ದನ್ನು ಪ್ರಸಾದವೆಂದು ಸ್ವೀಕರಿಸುತ್ತಿದ್ದನು. ಹಾರ್ನ್ ಒಂದನ್ನು ಬಿಟ್ಟು ಉಳಿದೆಲ್ಲ ಭಾಗಗಳೂ ಸದ್ದು ಮಾಡುತ್ತವೆ ಎಂದು ತಾನೇ ನಕ್ಕು, ಬಾನೆಟ್ ಎತ್ತಿ ತಾನೇ ತಂತಿ ಸುತ್ತುತ್ತಿದ್ದನು. 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು. ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಮುಚ್ಚಿದ ಪೆಟ್ಟಿಗೆಗಳು ಮಾತ್ರ. ಒಳಗಿನ ದೋಷ ತಯಾರಿಸಿದವನಿಗೆ ಗೊತ್ತು. ಅದರೊಳಗೆ ಕುಳಿತು ಓಡಾಡುವವನಿಗೆ ಗೊತ್ತಿಲ್ಲ.

ಸದ್ದು ಬರಿಯ ಕಿರಿಕಿರಿಯಾದರೆ ಸಹಿಸಬಹುದು. ಆದರೆ ಎಲ್ಲ ದೋಷಗಳೂ ಸದ್ದು ಮಾಡುವುದಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಕೀಲಿ ತಿರುಗಿಸುವ ಸ್ವಿಚ್ ಸಡಿಲವಾಗಿದ್ದುದರಿಂದ ಓಡುತ್ತಿರುವಾಗಲೇ ಎಂಜಿನ್ ಆರಿ, ಅಪಘಾತದಲ್ಲಿ ಕಾಪಾಡಬೇಕಾದ ಗಾಳಿಚೀಲವೂ ನಿಷ್ಕ್ರಿಯವಾಗುತ್ತಿತ್ತು. ಸಂಸ್ಥೆಯ ಒಳಗಿನವರಿಗೆ ಈ ಸಂಗತಿ ಹತ್ತು ವರ್ಷಗಳ ಮೊದಲೇ ತಿಳಿದಿತ್ತು. ಪರಿಹಾರದ ಲೆಕ್ಕ ಮುಗಿಯುವ ಹೊತ್ತಿಗೆ ಸತ್ತವರ ಸಂಖ್ಯೆ 124. ಜಪಾನಿನ ತಕಾಟ ಕಂಪನಿಯ ಗಾಳಿಚೀಲಗಳದು ಇನ್ನೂ ದೊಡ್ಡ ಕಥೆ. ಬಿಸಿಲು ಮತ್ತು ತೇವದಿಂದ ವರ್ಷಗಳ ಮೇಲೆ ಕೆಟ್ಟ ರಾಸಾಯನಿಕವು ಲೋಹದ ಕೋಶವನ್ನೇ ಸಿಡಿಸಿ, ಚೂರುಗಳನ್ನು ಚಾಲಕನತ್ತ ಎಸೆಯುತ್ತಿತ್ತು. ಆ ಕಂಪನಿ 2017ರಲ್ಲಿ ದಿವಾಳಿಯೆದ್ದಿತು.

ತಯಾರಿಕೆಯಲ್ಲೇ ಉಳಿದ ಇಂತಹ ದೋಷವನ್ನು ಕಂಪನಿಯೇ ಸಾರಿ, ಕಾರುಗಳನ್ನು ಕರೆಸಿ, ಬಿಟ್ಟಿಯಾಗಿ ಸರಿಪಡಿಸಿಕೊಡುವ ಪದ್ಧತಿಗೆ ‘ರೀಕಾಲ್’ ಎಂದು ಹೆಸರು. ಅಮೆರಿಕದಲ್ಲಿ 1966ರಲ್ಲೇ ಇದಕ್ಕೆ ಕಾನೂನಿನ ಆಧಾರ ಒದಗಿತು. ನಮ್ಮಲ್ಲಿ 2012ರಲ್ಲಿ ತಯಾರಕರ ಸಂಘ ತಾನಾಗಿಯೇ ಒಂದು ನಿಯಮಾವಳಿಯನ್ನು ಒಪ್ಪಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ರೀಕಾಲಿಗೆ ಆಜ್ಞಾಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು 1 ಕೋಟಿ ರೂಪಾಯಿಯವರೆಗೆ ದಂಡವನ್ನೂ ವಿಧಿಸಿದವು. ಆದರೆ ಅವು ಅನ್ವಯಿಸುವುದು ತಯಾರಾಗಿ ಏಳು ವರ್ಷ ತುಂಬದ ವಾಹನಗಳಿಗೆ ಮಾತ್ರ. ಒಂದು ಕಾರನ್ನು ಹದಿನೈದು ವರ್ಷ ಬಾಳಿಸುವ ಸಂಸಾರಗಳ ನಾಡಿನಲ್ಲಿ ಏಳು ವರ್ಷವೆಂದರೆ ಕಾರಿಗೆ ಬಾಲ್ಯ ಕಳೆದ ವಯಸ್ಸು!

ಇನ್ನೊಂದು ತೊಡಕುಂಟು. ಕಂಪನಿಯ ಕರೆ ಹೋಗುವುದು ಅದರ ಪುಸ್ತಕದಲ್ಲಿರುವ ಮಾಲೀಕನಿಗೆ. ಹೈದರಾಬಾದಿನಲ್ಲಿ ಕೊಂಡ ಕಾರು ಕೈಬದಲಾಗಿ ಕಲಬುರಗಿಗೆ ಬಂದಿದ್ದರೆ, ಓಲೆ ಮೊದಲನೆಯವನ ಹಳೆಯ ವಿಳಾಸದಲ್ಲೇ ಉಳಿಯುತ್ತದೆ. ದೋಷವಾದರೋ ಕಾರಿನೊಂದಿಗೇ ಪಯಣಿಸುತ್ತದೆ. ಆದುದರಿಂದ ಹಳೆಯ ಕಾರು ಕೊಂಡವನು ಛಾಸಿ ಸಂಖ್ಯೆಯನ್ನು ಬರೆದುಕೊಂಡು, ಬಾಕಿಯಿರುವ ರೀಕಾಲ್ ಉಂಟೇ ಎಂದು ಕಂಪನಿಯ ಮಾರಾಟಗಾರರಲ್ಲಿ ವಿಚಾರಿಸುವುದು ಜಾಣತನ. ಇದ್ದರೆ ರಿಪೇರಿಗೆ ಹಣ ಕೊಡಬೇಕಾಗಿಲ್ಲ.

ಸಾಮಾನ್ಯನಾದ ಗೃಹಸ್ಥ ಮಾತ್ರ ದೂರು ಕೊಡಲು ಹಿಂಜರಿಯುತ್ತಾನೆ. ಜಗಳಗಂಟನೆನ್ನಿಸಿಕೊಳ್ಳುವ ಸಂಕೋಚ ಒಂದು; ಮಾರುವಾಗ ಬೆಲೆ ಇಳಿದೀತೆಂಬ ಲೆಕ್ಕಾಚಾರ ಇನ್ನೊಂದು. ‘ನಮ್ಮ ಹಣೆಬರಹ’ ಎಂದು ಸುಮ್ಮನಾಗಿ, ದೋಷವನ್ನು ಬಾಯಿಬಿಡದೆ ಮತ್ತೊಬ್ಬನಿಗೆ ದಾಟಿಸುತ್ತಾನೆ. ಆದರೆ ಸಾಕಷ್ಟು ಮಂದಿ ಮಾಲೀಕರು ಒಂದೇ ದೋಷವನ್ನು ಕಾಣಿಸಿದಾಗಲೇ ಸರ್ಕಾರದ ಕೈಗೆ ಬಲ ಬರುವುದು. ಬಾಯಿಮಾತಿನ ಗೊಣಗಾಟ ಲೆಕ್ಕಕ್ಕೆ ಸೇರದು. ತಾರೀಖಿನೊಂದಿಗೆ ಬರೆಸಿ ಇಟ್ಟುಕೊಂಡ ಚೀಟಿ ಗ್ರಾಹಕರ ಆಯೋಗದ ಮುಂದೆಯೂ ನಿಲ್ಲುತ್ತದೆ.

ಇದ್ದುದನ್ನು ಹಂಚಿ ಉಣ್ಣುವ ದಾಸೋಹವನ್ನು ಶರಣಬಸವೇಶ್ವರರು ಬದುಕಿ ತೋರಿದರು. ಅನ್ನದಂತೆ ಅರಿವೂ ಹಂಚತಕ್ಕದ್ದೇ. ಹೋಳಿಯ ಬಳಿಕ ಐದನೆಯ ದಿನ ಅವರ ತೇರು ಸಾಗುತ್ತದೆ. ಹಗ್ಗಕ್ಕೆ ಕೈಯಿಟ್ಟವರಲ್ಲಿ ಒಬ್ಬನ ಕಣ್ಣಿಗೆ ಗಾಲಿಯ ಬಿರುಕು ಬಿದ್ದರೆ, ‘ನನಗೇಕೆ ಬೇಕು’ ಎಂದು ಅವನು ಸುಮ್ಮನಿದ್ದಾನೆಯೇ? ಕೂಗಿ ನಿಲ್ಲಿಸುತ್ತಾನೆ. ಹಾದಿಯಲ್ಲೋಡುವ ಕಾರಿಗೂ ಅದೇ ನ್ಯಾಯ ಸಲ್ಲಬೇಕು.