ಎರಡನೆಯ ಸಲ ಕೇಳಿದಾಗ

ನನ್ನ ಸೋದರಮಾವ ಮುಂಬೈಯಲ್ಲಿ ಕೆಲಸದಲ್ಲಿದ್ದಾಗ, ಎಂಬತ್ತರ ದಶಕದಲ್ಲಿ ಕೊಂಡ ನಲವತ್ತು ಜಾಜ್ ಕ್ಯಾಸೆಟ್‌ಗಳು ಈಗ ನನ್ನ ಬಳಿ ಇವೆ. ಜೊತೆಗೆ ಅವರ ಟೇಪ್ ರೆಕಾರ್ಡರ್ ಕೂಡ. ಹಾಸ್ಟೆಲಿನ ಗೆಳತಿಯರು ‘ಹಾಡುವವರೇ ಇಲ್ಲದ ಹಾಡು’ ಎಂದು ನಗುತ್ತಾರೆ. ಅಮೆರಿಕದ ಕಪ್ಪು ಜನರು ಕಟ್ಟಿದ ಈ ಸಂಗೀತದಲ್ಲಿ ಬರೆದಿಟ್ಟ ಮಟ್ಟಿಗಿಂತ ಆ ಕ್ಷಣದಲ್ಲಿ ಹುಟ್ಟುವ ಮನೋಧರ್ಮಕ್ಕೆ ಬೆಲೆ ಹೆಚ್ಚು. ಅಂದು ನುಡಿಸಿದ್ದು ಅಂದಿಗೇ ಮುಗಿಯಿತು. ಆದ್ದರಿಂದ ಜಾಜ್ ಪ್ರಿಯರಿಗೆ ಹಳೆಯ ಧ್ವನಿಮುದ್ರಿಕೆ ಎಂದರೆ ಪ್ರಾಣ.

ಆದರೆ ಕೂಡಿಡುವುದೇ ದೊಡ್ಡದು ಎಂದು ನನಗೆ ಅನಿಸುವುದಿಲ್ಲ. 1957ರ ನವೆಂಬರ್ 29ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಮತ್ತು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆಯಾಗಿ ನುಡಿಸಿದ್ದನ್ನು ವಾಯ್ಸ್ ಆಫ್ ಅಮೆರಿಕ ರೇಡಿಯೊಗಾಗಿ ಮುದ್ರಿಸಲಾಗಿತ್ತು. ಟೇಪ್‌ಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಭದ್ರವಾಗಿದ್ದವು. 2005ರಲ್ಲಿ ಹಳೆಯ ಟೇಪ್‌ಗಳನ್ನು ಡಿಜಿಟಲ್ ಮಾಡುವಾಗ ಅವು ಕಣ್ಣಿಗೆ ಬಿದ್ದವು. ಅದೇ ವರ್ಷ ಸಿ.ಡಿ.ಯಾಗಿ ಹೊರಬಂದವು. 48 ವರ್ಷ ಎಲ್ಲವೂ ಜೋಪಾನವಾಗಿತ್ತು, ಕೇಳುವವರು ಮಾತ್ರ ಇರಲಿಲ್ಲ. ಹೊಸದಾಗಿ ಹತ್ತು ಕೊಳ್ಳುವ ಬದಲು ಇರುವ ಒಂದನ್ನು ಹತ್ತು ಸಲ ಕೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಈ ಮಾತನ್ನು ಗೆಳತಿಯರಿಗೆ ಬಹಳ ಸಲ ಹೇಳಿದ್ದೇನೆ. ನಾನೇ ಅದನ್ನು ಪಾಲಿಸಿರಲಿಲ್ಲ ಎಂದು ತಿಳಿದದ್ದು ಈ ಬಾರಿಯ ಬೋಧನಾಭ್ಯಾಸದಲ್ಲಿ.

ನನಗೆ ಸಿಕ್ಕ ಘಟಕ ಒಂಬತ್ತನೆಯ ತರಗತಿಯ ‘ಶಬ್ದ’. ಆವೃತ್ತಿಯನ್ನು ತೋರಿಸುವ ಒಂದು ಆ್ಯಪ್ ಅನ್ನು ಫೋನಿಗೆ ಹಾಕಿಕೊಂಡು, ಪಾಠಕ್ಕೆ ಒಗ್ಗುತ್ತದೆಯೇ ಎಂದು ನೋಡಲು ಮಾವನ ಕ್ಯಾಸೆಟ್ ಹಚ್ಚಿದೆ. ಅದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಮುದ್ರಿಸಿದ ‘ಕೈಂಡ್ ಆಫ್ ಬ್ಲೂ’. ಅದೇ ಸಂಗೀತವನ್ನು ಗೆಳತಿಯ ಫೋನಿನಲ್ಲಿ ಇಂಟರ್‌ನೆಟ್‌ನಿಂದ ಹಾಕಿ, ಟ್ರಂಪೆಟ್ಟಿನ ದೀರ್ಘ ಸ್ವರಗಳನ್ನು ಹೋಲಿಸಿದೆ. ಕ್ಯಾಸೆಟ್ಟಿನ ಆವೃತ್ತಿ ಸ್ವಲ್ಪ ಹೆಚ್ಚು ಬಂತು.

ಟೇಪ್ ರೆಕಾರ್ಡರ್ ಹಳೆಯದು, ಮೋಟಾರು ವೇಗವಾಗಿ ತಿರುಗುತ್ತಿರಬೇಕು ಎಂದುಕೊಂಡೆ. ಕ್ಯಾಸೆಟ್ ಮಗುಚಿ ಎರಡನೆಯ ಬದಿ ಹಾಕಿದೆ. ಅಲ್ಲಿ ಎರಡೂ ಹೊಂದಿದವು! ಮತ್ತೆ ಮೊದಲ ಬದಿ ಹಾಕಿದರೆ ಮತ್ತೆ ವ್ಯತ್ಯಾಸ. ಮೂರು ಸಲ ನೋಡಿದೆ. ಯಂತ್ರ ಒಂದೇ, ಕ್ಯಾಸೆಟ್ ಒಂದೇ. ಹಾಗಾದರೆ ತಪ್ಪು ಯಂತ್ರದ್ದಲ್ಲ.

ಆಮೇಲೆ ಓದಿ ತಿಳಿದೆ. ಮೊದಲ ಬದಿಯ ಮೂರು ರಚನೆಗಳನ್ನು 1959ರ ಮಾರ್ಚ್ 2ರಂದು ಮುದ್ರಿಸಿದಾಗ ಮುಖ್ಯ ಯಂತ್ರದ ಟೇಪು ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಆವೃತ್ತಿ ಏರುತ್ತದೆ. ಉದಾಹರಣೆಗೆ, ಟೇಪು ಶೇಕಡಾ 2ರಷ್ಟು ನಿಧಾನವಾಗಿದ್ದರೆ 440 ಹರ್ಟ್ಸ್‌ನ ಸ್ವರ ಸುಮಾರು 449 ಹರ್ಟ್ಸ್ ಆಗಿ ಕೇಳುತ್ತದೆ. ಎರಡನೆಯ ಬದಿ ಏಪ್ರಿಲ್ 22ರದ್ದು. ಆ ದಿನ ಯಂತ್ರ ಸರಿಯಾಗಿತ್ತು. ಅದೃಷ್ಟಕ್ಕೆ, ಮಾರ್ಚ್ 2ರಂದು ಪಕ್ಕದಲ್ಲಿ ಇನ್ನೊಂದು ಯಂತ್ರವೂ ಮುನ್ನೆಚ್ಚರಿಕೆಗಾಗಿ ಓಡುತ್ತಿತ್ತು. 1992ರ ಮರುಮುದ್ರಣದಲ್ಲಿ ಆ ಎರಡನೆಯ ಟೇಪನ್ನು ಬಳಸಿ ತಪ್ಪನ್ನು ತಿದ್ದಿದರು. ಅಲ್ಲಿಯವರೆಗೆ 33 ವರ್ಷ ಜಗತ್ತು ಕೇಳಿ ಮೆಚ್ಚಿದ್ದು ಸ್ಥಾಯಿ ತುಸು ಏರಿದ ಪ್ರತಿಯನ್ನು. ಮಾವ ಕೇಳಿದ್ದೂ ಅದನ್ನೇ.

ಇಷ್ಟು ಖುಷಿಯಲ್ಲಿದ್ದಾಗಲೇ ನನ್ನ ಫೋನಿನಲ್ಲಿದ್ದ ಇನ್ನೊಂದು ಧ್ವನಿಮುದ್ರಣ ನೆನಪಾಯಿತು. ಶಾಲೆಯ ಅನುಮತಿ ಪಡೆದು ನನ್ನ ಮೊದಲ ಪಾಠವನ್ನು ಮುದ್ರಿಸಿಕೊಂಡಿದ್ದೆ. ಮೂರು ವಾರವಾದರೂ ಕೇಳಿರಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ‘ಸ್ಪಷ್ಟ ಧ್ವನಿ, ಉತ್ತಮ ವಿವರಣೆ’ ಎಂದು ಬರೆದಿದ್ದರು, ನನಗೆ ಅಷ್ಟು ಸಾಕಾಗಿತ್ತು. ನಿಜ ಹೇಳಬೇಕೆಂದರೆ, ನನ್ನ ದನಿಯನ್ನು ನಾನೇ ಕೇಳಲು ನಾಚಿಕೆ.

ಅಂದು ರಾತ್ರಿ ಕೇಳಿದೆ. ಮೊದಲ ಸಲ ಕೇಳಿದ್ದು ನನ್ನನ್ನು ಮಾತ್ರ: ಎಷ್ಟು ಸಲ ‘ಅರ್ಥ ಆಯ್ತಾ’ ಎಂದೆ, ಎಲ್ಲಿ ತಡವರಿಸಿದೆ ಎಂದು. ಎರಡನೆಯ ಸಲ ಕೇಳುವಾಗ ಹಿಂದಿನ ಬೆಂಚಿನಿಂದ ಬಂದ ಒಂದು ಸಣ್ಣ ದನಿ ಕಿವಿಗೆ ಬಿತ್ತು. ಶಬ್ದದ ಗಟ್ಟಿತನ ಬೇರೆ, ಸ್ಥಾಯಿ ಬೇರೆ ಎಂದು ನಾನು ಹೇಳಿ ಮುಗಿಸಿದ್ದೆ. ಒಬ್ಬ ಹುಡುಗಿ ಕೇಳುತ್ತಾಳೆ: “ಮಿಸ್, ಜೋರಾಗಿ ಕೂಗಿದ್ರೆ ದನಿ ಕೀರಲು ಆಗುತ್ತಲ್ಲ, ಮತ್ತೆ ಎರಡೂ ಬೇರೆ ಅಂತೀರಲ್ಲ?” ನನ್ನ ದನಿ ಹೇಳುತ್ತದೆ: “ಅದೆಲ್ಲ ಮುಂದೆ ಬರುತ್ತೆ, ಬರ್ಕೊಳ್ಳಿ.” ಮುಂದೆ ಅದು ಬರಲೇ ಇಲ್ಲ. ಆ ಪ್ರಶ್ನೆ ಕೇಳಿದ ನೆನಪೂ ನನಗಿರಲಿಲ್ಲ.

ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೊಫೋನ್ ವಾದಕನಿದ್ದ. ಚಾರ್ಲಿ ಪಾರ್ಕರ್ ಎಂದರೆ ಅವನಿಗೆ ಹುಚ್ಚು. 1947-48ರಲ್ಲಿ ಕ್ಲಬ್ಬುಗಳಿಗೆ ಮುದ್ರಣ ಯಂತ್ರ ಹೊತ್ತು ಹೋಗಿ ಪಾರ್ಕರ್ ನುಡಿಸಿದ್ದನ್ನೆಲ್ಲ ಹಿಡಿದ. ಬೇರೆಯವರ ಸರದಿ ಬಂದಾಗ ಬಹುಪಾಲು ಯಂತ್ರ ನಿಲ್ಲಿಸಿಬಿಡುತ್ತಿದ್ದ. ಇದ್ದೇ ಇಲ್ಲವೇ ಎಂದು ಜನ ಮಾತಾಡಿಕೊಳ್ಳುತ್ತಿದ್ದ ಆ ಮುದ್ರಣಗಳು 1990ರಲ್ಲಿ ಪ್ರಕಟವಾದವು. ಪಾರ್ಕರ್ ಅದ್ಭುತ. ಆದರೆ ಅವನು ಯಾರಿಗೆ ಉತ್ತರವಾಗಿ ನುಡಿಸುತ್ತಿದ್ದಾನೆ, ಅವನ ನಂತರ ಬಂದವರು ಅದನ್ನು ಎಲ್ಲಿಗೆ ಒಯ್ದರು ಎಂಬುದು ಅಲ್ಲಿಲ್ಲ. ಬೆನೆಡೆಟ್ಟಿಯನ್ನು ನಾನು ಅನೇಕ ಸಲ ಮನಸ್ಸಿನಲ್ಲೇ ಬೈದಿದ್ದೆ. ಈಗ ನೋಡಿದರೆ, ನನ್ನ ಫೋನು ಇಡೀ ತರಗತಿಯನ್ನು ಹಿಡಿದಿತ್ತು, ಯಂತ್ರ ನಿಲ್ಲಿಸಿದ್ದು ನನ್ನ ಕಿವಿ. ನಮ್ಮ ಪಾಠ ವೀಕ್ಷಣಾ ಪುಸ್ತಕಗಳಲ್ಲೂ ಶಿಕ್ಷಕರ ಮಾತಿಗೆ ಪುಟಗಟ್ಟಲೆ ಜಾಗ, ಮಕ್ಕಳ ಮಾತಿಗೆ ‘ವಿದ್ಯಾರ್ಥಿಗಳು ಪ್ರತಿಕ್ರಿಯಿಸಿದರು’ ಎಂಬ ಒಂದು ಸಾಲು.

ಬೋಧನಾಭ್ಯಾಸ ಮುಗಿಯಲು ನಾಲ್ಕು ದಿನ ಉಳಿದಿದ್ದವು. ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿ ಒಂದು ಅವಧಿ ಪಡೆದೆ. ಮಾವನ ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋದೆ. ಆ ಹುಡುಗಿಯ ಹತ್ತಿರ ನಿಂತು, “ಮೂರು ವಾರದ ಹಿಂದೆ ನೀನು ಒಂದು ಪ್ರಶ್ನೆ ಕೇಳಿದ್ದೆ, ನಾನು ಉತ್ತರ ಕೊಡಲಿಲ್ಲ. ತಪ್ಪು ನಂದು” ಎಂದೆ. ತರಗತಿ ಒಮ್ಮೆಲೇ ಸುಮ್ಮನಾಯಿತು.

ಹೊಸ ಸೆಲ್ಲು ಹಾಕಿ ಅವಳಿಂದಲೇ ಒಂದು ‘ಆ’ಕಾರ ಮುದ್ರಿಸಿದೆವು. ವಾಲ್ಯೂಮ್ ತಿರುಗಿಸಿದೆವು. ದನಿ ಗಟ್ಟಿಯಾಯಿತು, ಆ್ಯಪ್‌ನಲ್ಲಿ ಆವೃತ್ತಿ ಹಾಗೆಯೇ ಇತ್ತು. ಬದಲಾದದ್ದು ಪಾರ. ಆಮೇಲೆ ಶಕ್ತಿ ಕಳೆದುಕೊಂಡ ಹಳೆಯ ಸೆಲ್ಲು ಹಾಕಿದೆವು. ಟೇಪು ನಿಧಾನವಾಗಿ ಅವಳ ದನಿ ಗಂಡಸಿನ ದನಿಯಂತೆ ದಪ್ಪಗಾದಾಗ ಮಕ್ಕಳು ಬೆಂಚು ಬಡಿದು ನಕ್ಕರು. ಇಲ್ಲಿ ಬದಲಾದದ್ದು ಆವೃತ್ತಿ. (ಇದನ್ನು ಫೋನಿನಲ್ಲಿ ಮಾಡಹೊರಟವರು ಗಮನಿಸಿ: ಫೋನಿನ ಬಹುತೇಕ ಆ್ಯಪ್‌ಗಳು ವೇಗ ತಗ್ಗಿಸಿದರೂ ಸ್ಥಾಯಿಯನ್ನು ಹಾಗೆಯೇ ಉಳಿಸುತ್ತವೆ.) ಕೊನೆಗೆ ಅವಳ ಪ್ರಶ್ನೆಗೆ ಬಂದೆವು. ನಾವು ಕೂಗುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗುವುದರಿಂದ ಸ್ಥಾಯಿಯೂ ಏರುತ್ತದೆ. ಅಂದರೆ ಅವಳು ಗಮನಿಸಿದ್ದು ಸರಿ. ನಮ್ಮ ಗಂಟಲು ಒಟ್ಟಿಗೆ ಮಾಡುವ ಎರಡು ಬದಲಾವಣೆಗಳನ್ನು ಯಂತ್ರ ಬೇರೆ ಬೇರೆಯಾಗಿ ತೋರಿಸುತ್ತದೆ. ಅವಳು, “ಹಂಗಾದ್ರೆ ನಾನು ಕೇಳಿದ್ದು ತಪ್ಪಲ್ಲ” ಎಂದಳು. ಮೂರು ವಾರ ಅವಳು ಅದನ್ನು ತಪ್ಪು ಎಂದುಕೊಂಡೇ ಕೂತಿದ್ದಳು.

ಆ ಮೊದಲ ಪಾಠದ ಮುದ್ರಣವನ್ನು ಅಳಿಸಿಬಿಡಲೇ ಎಂದು ಯೋಚಿಸಿದೆ. ಅಳಿಸಲಿಲ್ಲ. 1947ರ ಅಕ್ಟೋಬರ್ 28ರಂದು ಪಾರ್ಕರ್ ‘ಎಂಬ್ರೇಸಬಲ್ ಯು’ ಎಂಬ ರಚನೆಯನ್ನು ಒಂದೇ ದಿನ ಎರಡು ಸಲ ಮುದ್ರಿಸಿದ. ಎರಡೂ ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನುವಷ್ಟು ಬೇರೆ. ಒಂದನ್ನೇ ಇಟ್ಟುಕೊಂಡಿದ್ದರೆ ಅದರ ಬೆಲೆ ನಮಗೆ ಪೂರ್ತಿ ತಿಳಿಯುತ್ತಿರಲಿಲ್ಲ. ನನ್ನ ಎರಡು ಪಾಠಗಳನ್ನು ಅದಕ್ಕೆ ಹೋಲಿಸುವ ಧೈರ್ಯ ನನಗಿಲ್ಲ. ಆದರೂ ಎರಡನೆಯ ಪಾಠ ಏಕೆ ಬೇಕಾಯಿತು ಎಂಬುದು ಮೊದಲನೆಯದರಲ್ಲೇ ಇದೆ. ಮಾವನ ಕ್ಯಾಸೆಟ್ಟನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ.

ಪಾಠಯೋಜನೆ, ವೀಕ್ಷಣಾ ಪುಸ್ತಕ, ದಾಖಲೆ ಪುಸ್ತಕಗಳನ್ನು ಬೈಂಡ್ ಮಾಡಿಸಿ ಒಪ್ಪಿಸುವ ದಿನಗಳು ಈಗ ಬಂದಿವೆ. ಒಪ್ಪಿಸುವ ಮೊದಲು ನನ್ನ ಸಹಪಾಠಿಗಳು ತಮ್ಮ ಒಂದು ಪಾಠವನ್ನಾದರೂ ಎರಡು ಸಲ ಕೇಳಲಿ. ಮೊದಲ ಸಲ ನಮ್ಮ ದನಿಯೇ ಕೇಳಿಸುತ್ತದೆ, ಅದು ಸಹಜ. ಎರಡನೆಯ ಸಲ ಹಿಂದಿನ ಬೆಂಚಿಗೆ ಕಿವಿ ಕೊಡಿ.