ಒದ್ದೆಯಾಗಲು ಹೊರಟವರು

ನಾಲ್ಕು ಹನಿ ಬಿದ್ದರೆ ಸಾಕು, ಸ್ಕೂಟರ್ ನಿಲ್ಲಿಸಿ ಮೇಲುಸೇತುವೆಯ ಕೆಳಗೆ ಗುಂಪುಗಟ್ಟುವ ಜನ ನಾವು. ಅದೇ ನಾವು ಮನೆಮಂದಿಯ ಟಿಕೆಟ್‌ಗೆಂದು ಸಾವಿರಗಟ್ಟಲೆ ಸುರಿದು, ಬಿಡದಿಯವರೆಗೂ ಹೋಗಿ, ಬಿಸಿಲಲ್ಲಿ ಸಾಲು ನಿಂತು, ತೊಪ್ಪೆಯಾಗಿ ಮನೆಗೆ ಬರುತ್ತೇವೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ. ಮಳೆ ಹೇಳದೆ ಕೇಳದೆ ಬರುತ್ತದೆ. ವಾಟರ್ ರೈಡಿಗೆ ನಾವೇ ಹೇಳಿ ಕೇಳಿ, ದಿನ ಗೊತ್ತುಮಾಡಿ, ಬ್ಯಾಗು ಕಟ್ಟಿ ಹೋಗುತ್ತೇವೆ. ನನ್ನನ್ನು ಕೇಳಿದರೆ ಅರ್ಧ ಸುಖ ಇರುವುದು ಆ ಬ್ಯಾಗು ಕಟ್ಟುವುದರಲ್ಲೇ.

ನೀರು ತುಂಬುವುದಕ್ಕೆಂದೇ ಒಂದು ಹಬ್ಬ ಇಟ್ಟುಕೊಂಡಿರುವ ನಾಡು ನಮ್ಮದು. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತಿಕ್ಕಿ, ಕೊರಳಿಗೆ ಬಳ್ಳಿ ಸುತ್ತಿ, ಅರಿಸಿನ ಕುಂಕುಮ ಇಟ್ಟು ನೀರು ತುಂಬಿಸುತ್ತೇವೆ. ತಲೆಗೆ ನೀರು ಬೀಳುವುದು ಮರುದಿನ ನಸುಕಿಗೆ. ಸಡಗರ ಮಾತ್ರ ಹಿಂದಿನ ಸಂಜೆಯೇ ಶುರು. ವಾಟರ್ ಪಾರ್ಕಿಗೆ ಹೋಗುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲೂ ಹೀಗೆಯೇ. ಟವೆಲ್ ಎಷ್ಟು, ಪ್ಲಾಸ್ಟಿಕ್ ಕವರ್ ಎಲ್ಲಿ, ಹೋದ ಸಲದ ಚಡ್ಡಿ ಮಗನಿಗೆ ಇನ್ನೂ ಆಗುತ್ತದೋ ಇಲ್ಲವೋ ಎಂದು ಹತ್ತು ಗಂಟೆಯವರೆಗೂ ಬೀರುಗಳು ಮುಚ್ಚುವುದಿಲ್ಲ.

ಮೊದಲ ಚಿಂತೆ ಬಟ್ಟೆಯದು. ಬಿಡದಿ ಹತ್ತಿರ ವಂಡರ್‌ಲಾ ಬಾಗಿಲು ತೆರೆದದ್ದು 2005ರಲ್ಲಿ. ಆಮೇಲೆ ಬೆಂಗಳೂರಿನ ಎಷ್ಟೋ ಮನೆಗಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿ, ಬೇರೆಲ್ಲಿಗೂ ಹಾಕಿಕೊಂಡು ಹೋಗಲಾಗದ ಗಾಢ ನೀಲಿ ನೈಲಾನ್ ಜೊತೆಯೊಂದು ಬಂದು ಕೂತಿತು. ನೀರಿನ ಆಟಕ್ಕೆ ಹತ್ತಿ ಬಟ್ಟೆ ನಡೆಯುವುದಿಲ್ಲ ಎಂಬ ಬೋರ್ಡು ನೋಡಿ, ಬಟ್ಟೆ ಮಾರಲು ಹೂಡಿದ ಉಪಾಯ ಇದು ಎಂದು ಗೊಣಗುವವರು ಪ್ರತಿ ಸಲವೂ ಸಿಗುತ್ತಾರೆ. ಉಪಾಯವೂ ಇರಬಹುದು, ಆದರೆ ನಿಯಮಕ್ಕೆ ತಕ್ಕ ಕಾರಣವೂ ಇದೆ. ಜವಳಿಯವರ ಲೆಕ್ಕದಲ್ಲಿ, ಸಾಧಾರಣ ತೇವದ ಗಾಳಿಯಲ್ಲಿ ಸುಮ್ಮನೆ ನೇತುಹಾಕಿದ ಹತ್ತಿ ಬಟ್ಟೆ ತನ್ನ ಒಣತೂಕದ ಶೇ 8.5ರಷ್ಟು ನೀರನ್ನು ಹೀರಿಕೊಂಡಿರುತ್ತದೆ; ಪಾಲಿಯೆಸ್ಟರ್ ಹೀರುವುದು ಬರೀ ಶೇ 0.4. ಗಾಳಿಯಲ್ಲೇ ಹೀಗಾದರೆ ಕೊಳದಲ್ಲಿ ಮುಳುಗಿದ ಹತ್ತಿ ಏನಾಗಬೇಡ! ಮೊಣಕಾಲಿಗೆ ಸುತ್ತಿಕೊಂಡು ಜಗ್ಗುತ್ತದೆ, ಈಜು ಬರುವವರಿಗೂ ಕೈಕಾಲು ಆಡದ ಹಾಗೆ ಮಾಡುತ್ತದೆ. ಅದರ ನೂಲೆಳೆಗಳು ಕಿತ್ತುಬಂದು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ. ಅಷ್ಟೂ ಜನರ ಕೊಳದ ನೀರು ಮತ್ತೆ ಮತ್ತೆ ಆ ಫಿಲ್ಟರನ್ನೇ ಹಾದು ಬರಬೇಕು. ಇನ್ನು ಜೀನ್ಸ್. ಅದರ ತಾಮ್ರದ ಗುಂಡಿ, ಜಿಪ್ಪು ಫೈಬರ್‌ಗ್ಲಾಸ್ ಜಾರುಬಂಡೆಯ ನುಣುಪನ್ನು ಗೀಚಿಬಿಡುತ್ತವೆ. ಆ ಗೀರು ಮುಂದೆ ಬರುವವರ ಬೆನ್ನಿಗೆ.

ಗಂಡಸರದು ಇಷ್ಟಕ್ಕೇ ಮುಗಿಯಿತು. ಹೆಂಗಸರ ತಯಾರಿ ಕಳಚುವುದರಲ್ಲಿದೆ. ಲಾಕರ್ ಕೋಣೆಯಲ್ಲಿ ನಿಂತು ನೋಡಬೇಕು: ಬಳೆ, ಸರ, ಜುಮಕಿ, ಎಲ್ಲಕ್ಕಿಂತ ಹೆಚ್ಚಾಗಿ ಸೇಫ್ಟಿ ಪಿನ್ನು. ನಮ್ಮ ಮೈಮೇಲೆ ಎಷ್ಟು ಪಿನ್ನುಗಳಿರುತ್ತವೆ ಎಂಬುದು ನಮಗೇ ಗೊತ್ತಿರುವುದಿಲ್ಲ. ಬಿಂದಿಯನ್ನು ಲಾಕರಿನ ಬಾಗಿಲ ಒಳಬದಿಗೆ ಅಂಟಿಸಿ ಹೋಗುವವರಿದ್ದಾರೆ. ಯಾವ ಲಾಕರ್ ತೆರೆದರೂ ಹಳೆಯ ಬಿಂದಿ ಒಂದೆರಡಾದರೂ ಇದ್ದೇ ಇರುತ್ತವೆ. ಕಾಲುಂಗುರ ಬರುವುದೇ ಇಲ್ಲ, ಅದನ್ನು ಬಿಟ್ಟುಬಿಡುತ್ತಾರೆ. ತಾಳಿಯ ವಿಷಯದಲ್ಲಿ ಸ್ವಲ್ಪ ಹೊತ್ತು ಚರ್ಚೆ ನಡೆಯುತ್ತದೆ. ಹಗ್ಗದ ಹಾಗೆ ಹಿಂದಕ್ಕೆ ತಿರುಗಿಸಿ ಬಟ್ಟೆಯೊಳಗೆ ಸಿಕ್ಕಿಸಿಕೊಂಡು ಹೊರಡುವುದೇ ಸಾಮಾನ್ಯವಾಗಿ ಬರುವ ತೀರ್ಪು. ಐದು ನಿಮಿಷದ ಹಿಂದೆ ಬ್ಯಾಂಕ್ ಮ್ಯಾನೇಜರ್, ಮೇಷ್ಟರ ಹೆಂಡತಿ, ಇನ್ಫೋಸಿಸ್ ಹುಡುಗಿ ಎಂದು ಬೇರೆ ಬೇರೆ ಕಾಣುತ್ತಿದ್ದವರೆಲ್ಲ ಒಂದೇ ಥರದ ಮೊಣಕಾಲುದ್ದದ ನೈಲಾನ್ ಚಡ್ಡಿಯಲ್ಲಿ ಹೊರಗೆ ಬರುತ್ತಾರೆ. ಒಬ್ಬರನ್ನೊಬ್ಬರು ನೋಡಿ ಮೊದಲ ಎರಡು ನಿಮಿಷ ನಾಚಿಕೆ. ಮೂರನೇ ನಿಮಿಷಕ್ಕೆ ಯಾರಿಗೂ ಏನೂ ಇಲ್ಲ.

ನನ್ನ ಅತ್ತೆಯವರನ್ನು ಇಂಥ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. "ಅತ್ತೆ, ನೀವೂ ಬಟ್ಟೆ ಬದಲಾಯಿಸ್ಕೊಳ್ಳಿ" ಎಂದರೆ, "ಹೋಗಮ್ಮ, ಈ ವಯಸ್ಸಲ್ಲಿ ನನಗ್ಯಾಕೆ ಚಡ್ಡಿ? ನಾನು ಬ್ಯಾಗ್ ಕಾಯ್ತೀನಿ, ನೀವು ಹೋಗ್ಬನ್ನಿ" ಎಂದರು. ಇಪ್ಪತ್ತು ಜನರ ದೋಣಿ ಎತ್ತರದಿಂದ ಕೊಳಕ್ಕೆ ಧುಮುಕುವ ಆಟ ಅಲ್ಲಿತ್ತು. ಮೊಮ್ಮಕ್ಕಳು ಬೀಳುವುದನ್ನು ನೋಡಲೆಂದು ಅವರು ಎದುರಿನ ಸೇತುವೆಯ ಮೇಲೆ ಹೋಗಿ ನಿಂತರು. ಇಂಥ ಆಟಗಳ ಗುಟ್ಟು ಗೊತ್ತಿದ್ದವರು ಆ ಸೇತುವೆಯ ಹತ್ತಿರವೂ ಸುಳಿಯುವುದಿಲ್ಲ. ದೋಣಿಯ ಅಗಲವಾದ ಮೂತಿ ನೀರಿಗೆ ಹೊಡೆದಾಗ ಎದ್ದ ನೀರು ದೋಣಿಯೊಳಗೆ ಬೀಳುವುದಕ್ಕಿಂತ ಹೆಚ್ಚಾಗಿ ಮುಂದಕ್ಕೂ ಪಕ್ಕಕ್ಕೂ ಕಮಾನಾಗಿ ಹಾರುತ್ತದೆ. ಒಳಗಿದ್ದವರಿಗೆ ಎರಚಲು, ಸೇತುವೆಯವರಿಗೆ ಜಲಪಾತ. ಅತ್ತೆಯ ಮೈಸೂರು ಕಾಟನ್ ಸೀರೆಯ ಎಡಭಾಗ ಪೂರ್ತಿ ನೆನೆಯಿತು, ಬಲಭಾಗ ಬೆಚ್ಚಗಿತ್ತು. ಹತ್ತು ನಿಮಿಷ ಹಾಗೆಯೇ ಕೂತು ಸೆರಗು ಹಿಂಡಿದರು, ನಿರಿಗೆ ಕೊಡವಿದರು, ಮೂರು ಸಲ ಸೀನಿದರು. ಆಮೇಲೆ ಎದ್ದು, "ಲೇ, ಆ ಚಡ್ಡಿ ಎಲ್ಲಿ ಮಾರ್ತಾರೆ ತೋರ್ಸೆ" ಎಂದರು. ಅಂದು ಸಂಜೆ ಅಲೆಗಳ ಕೊಳದಿಂದ ಕೊನೆಗೆ ಎದ್ದು ಬಂದವರು ಅವರೇ.

ನಾನು ಹೇಳಬೇಕೆಂದಿರುವುದೂ ಅಷ್ಟೇ. ಪೂರ್ತಿ ಒಣಗಿರುವುದು ಒಂದು ಸುಖ, ಪೂರ್ತಿ ನೆನೆಯುವುದು ಇನ್ನೊಂದು ಸುಖ. ನಡುವಿನ ಅರೆಬರೆ ಸ್ಥಿತಿ ನರಕ. ತಯಾರಿ ಎನ್ನುವುದೆಲ್ಲ ಆ ನಡುವಿನ ಸ್ಥಿತಿಯನ್ನು ಒಂದೇ ನೆಗೆತಕ್ಕೆ ದಾಟುವ ಉಪಾಯ. ವಿದೇಶದ ಥೀಮ್ ಪಾರ್ಕುಗಳಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಮಳೆಯಂಗಿ ಹಾಕಿಕೊಂಡು ನೀರಿನ ಆಟಕ್ಕೆ ಕೂರುವವರನ್ನು ಕಂಡರೆ ನನಗೆ ಮರುಕ ಬರುವುದು ಇದಕ್ಕೇ. ಕತ್ತಿನಿಂದ ಇಳಿದ ನೀರು ಒಳಗೇ ನಿಲ್ಲುತ್ತದೆ, ಕೂತ ಸೀಟಿನ ನೀರು ಕೆಳಗಿನಿಂದ ಏರುತ್ತದೆ, ಬೆವರು ಬೇರೆ.

ಈ ದೋಣಿ ಬೀಳಿಸುವ ಆಟಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಪಾಲ್ ಬಾಯ್ಟನ್ ಎಂಬಾತನ ಕಥೆ ನನಗೆ ಬಲು ಇಷ್ಟ. ಮೈಯೆಲ್ಲ ಮುಚ್ಚುವ ರಬ್ಬರಿನ ಉಡುಪು ತೊಟ್ಟು, ಅದರಲ್ಲಿ ಗಾಳಿ ತುಂಬಿ, ಅಂಗಾತ ತೇಲುತ್ತ, ಹುಟ್ಟು ಹಾಕುತ್ತ 1875ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಹೆಸರು ಮಾಡಿದವನು ಆತ. ನೀರಲ್ಲೇ ಇದ್ದು ನೀರು ತಾಗಿಸಿಕೊಳ್ಳದ ವಿದ್ಯೆಯಲ್ಲಿ ಪಳಗಿದ ಅದೇ ಮನುಷ್ಯ 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಸೀ ಲಯನ್ ಪಾರ್ಕ್ ತೆರೆದು, ಚಪ್ಪಟೆ ತಳದ ದೋಣಿಗಳನ್ನು ಇಳಿಜಾರಿನಿಂದ ಕೊಳಕ್ಕೆ ಬಿಟ್ಟು, ದುಡ್ಡು ಕೊಟ್ಟ ಜನರಿಗೆಲ್ಲ ನೀರೆರಚಿದ! ತಾನು ಒಣಗಿದ್ದು ಊರನ್ನೆಲ್ಲ ನೆನೆಸುವವರು ಮನೆಗೊಬ್ಬರು ಇರುತ್ತಾರೆ. ಬಾಯ್ಟನ್ ಅವರ ಕುಲದೈವ.

ಮುಂದೆ ಮರದ ದಿಮ್ಮಿಯ ಆಕಾರದ ದೋಣಿ ಬಂತು. ಕಾಡಿನಿಂದ ದಿಮ್ಮಿಗಳನ್ನು ಕಾಲುವೆಯಲ್ಲಿ ತೇಲಿಸಿ ಸಾಮಿಲ್ಲಿಗೆ ತರುತ್ತಿದ್ದ ಪದ್ಧತಿಯನ್ನೇ ಆಟವಾಗಿ ಮಾಡಿ, 1963ರಲ್ಲಿ ಟೆಕ್ಸಾಸಿನ ಸಿಕ್ಸ್ ಫ್ಲಾಗ್ಸ್ ಪಾರ್ಕಿನಲ್ಲಿ ಶುರುಮಾಡಿದರು. ಇದರಲ್ಲಿ ಯಾವ ಸೀಟು ಹಿಡಿಯಬೇಕೆಂಬುದು ಒಂದು ಶಾಸ್ತ್ರ. ಮುಂದಿನ ಸೀಟಿನವರ ಎದೆಗೆ ಮೊದಲ ಅಲೆ. ಹಿಂದಿನವರಿಗೆ ಆಕಾಶಕ್ಕೆ ಹೋಗಿ ಬಂದದ್ದು ತಲೆಯ ಮೇಲೆ. ನಡುವೆ ಕೂತವರು ಮುಂದಿನವರ ಬೆನ್ನನ್ನು ಕೊಡೆ ಮಾಡಿಕೊಳ್ಳುತ್ತಾರೆ. ದಪ್ಪಗಿನ ಭಾವನನ್ನು "ನೀವು ದೊಡ್ಡವರು, ಮುಂದೆ ಕೂತ್ಕೊಳ್ಳಿ ಭಾವ" ಎಂದು ಮರ್ಯಾದೆಯಿಂದ ಮುಂದೆ ಕೂರಿಸುವುದರ ಹಿಂದೆ ಇರುವ ಲೆಕ್ಕಾಚಾರ ಇದೇ. ಆದರೆ ಈ ಶಾಸ್ತ್ರವೆಲ್ಲ ದುಂಡನೆಯ ತೆಪ್ಪದ ಆಟದಲ್ಲಿ ಕೆಲಸಕ್ಕೆ ಬರುವುದಿಲ್ಲ. 1980ರಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲು ಬಂದ ಈ ಆಟದಲ್ಲಿ ತೆಪ್ಪ ತಿರುಗುತ್ತಲೇ ಸಾಗುತ್ತದೆ. ಜಲಪಾತದ ಕೆಳಗೆ ಯಾರ ಬೆನ್ನು ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಎದುರು ಕೂತವರು ನೆನೆಯುವುದನ್ನು ನೋಡಿ ಬಾಯಿ ತೆರೆದು ನಗುವ ಹೊತ್ತಿಗೆ ಸರಿಯಾಗಿ ತೆಪ್ಪ ಅರ್ಧ ಸುತ್ತು ತಿರುಗುತ್ತದೆ, ಬಾಯಿತುಂಬ ನೀರು.

ಅಲೆಗಳ ಕೊಳದ ತಯಾರಿ ಬೇರೆ ಥರದ್ದು. ಅಲೆ ಎಬ್ಬಿಸುವ ಯಂತ್ರ ಆಳದ ಕಡೆಯ ಗೋಡೆಯ ಹಿಂದೆ ಅಡಗಿರುತ್ತದೆ. ಹಲವೆಡೆ ದೊಡ್ಡ ಫ್ಯಾನುಗಳು ಕೋಣೆಗಳೊಳಕ್ಕೆ ಗಾಳಿ ನೂಕುತ್ತವೆ, ಆ ಗಾಳಿ ನೀರನ್ನು ಕೆಳಗೆ ಒತ್ತುತ್ತದೆ, ಬಿಟ್ಟಾಗ ನೀರು ಮೇಲೇರುತ್ತದೆ. ಒಂದು ಲಯಕ್ಕೆ ಒತ್ತಿ ಬಿಡುತ್ತ ಹೋದರೆ ಅಲೆ. ಹೀಗಾಗಿ ಅಲೆ ಸದಾ ಇರುವುದಿಲ್ಲ; ಸೈರನ್ ಕೂಗುತ್ತದೆ, ಎಲ್ಲರೂ "ಓ" ಎಂದು ಕೂಗುತ್ತಾರೆ, ಆಮೇಲೆ ಬರುತ್ತದೆ. ಸೈರನ್ನಿಗೂ ಮೊದಲ ಅಲೆಗೂ ನಡುವಿನ ಆ ಕ್ಷಣಕ್ಕೆ ಇಡೀ ದಿನದ ಟಿಕೆಟ್ ದುಡ್ಡು ಸಂದಾಯವಾಯಿತೆಂದು ನನ್ನ ಲೆಕ್ಕ. ಸೊಂಟದ ಮಟ್ಟದ ನೀರಿನಲ್ಲಿ, ಅಲೆಗೆ ಪಕ್ಕವಾಗಿ, ಕಾಲು ಸ್ವಲ್ಪ ಅಗಲಿಸಿ ನಿಲ್ಲಬೇಕು. ಬೆನ್ನು ಕೊಟ್ಟು ನಿಂತವರು ಮಗುಚಿ ಬೀಳುತ್ತಾರೆ. ನನಗೆ ದೂರದ್ದು ಕಾಣುವುದಿಲ್ಲ. ಕನ್ನಡಕಕ್ಕೆ ದಾರ ಕಟ್ಟಿಕೊಂಡೇ ಇಳಿಯುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯುವುದು ಮಾತ್ರ ಬೇಡವೇ ಬೇಡ, ನೀರಿನ ಸೂಕ್ಷ್ಮಜೀವಿಗಳು ಲೆನ್ಸಿನ ಅಡಿ ಸೇರಿ ಕಣ್ಣಿಗೆ ಸೋಂಕು ತರುತ್ತವೆ.

ಕೊಳಕ್ಕಿಳಿಯುವ ಮುಂಚೆ ಷವರಿನಡಿ ನಿಲ್ಲಿ ಎಂದರೆ, "ಹೇಗಿದ್ರೂ ನೆನೀತೀವಲ್ಲ" ಎಂದು ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಇದನ್ನೊಂದು ನಾನು ಒಪ್ಪುವುದಿಲ್ಲ. ಈಜುಕೊಳದಲ್ಲಿ ಮೂಗಿಗೆ ಅಡರುವ ಘಾಟನ್ನು ನಾವು ಕ್ಲೋರಿನ್ ಹೆಚ್ಚಾಯಿತು ಎಂದು ಬೈಯುತ್ತೇವೆ. ಆ ಘಾಟು ಹುಟ್ಟುವುದು ಕ್ಲೋರಿನ್ನು ನಮ್ಮ ಬೆವರಿನ ಜೊತೆ, ಹೇಳಲು ಸಂಕೋಚವಾದರೂ ಮೂತ್ರದ ಜೊತೆ, ಸೇರಿ ಕ್ಲೋರಮೈನ್ ಆದಾಗ. ಕಣ್ಣುರಿಗೂ ಅದೇ ಕಾರಣ. ಮೈ ತೊಳೆದು ಇಳಿದರೆ ಎಲ್ಲರ ಕಣ್ಣಿಗೂ ಕ್ಷೇಮ. ಕೂದಲನ್ನು ಒಳ್ಳೆಯ ನೀರಿನಲ್ಲಿ ಮೊದಲೇ ತೋಯಿಸಿದರೆ ಅದು ಕೊಳದ ನೀರನ್ನು ಕಡಿಮೆ ಕುಡಿಯುತ್ತದೆ. ಅಮ್ಮಂದಿರು ಬೆಳಗ್ಗೆ ಮಕ್ಕಳ ತಲೆಗೆ ಸುರಿದು ಕಳಿಸುವ ಕೊಬ್ಬರಿ ಎಣ್ಣೆ ಮಾತ್ರ ನೇರ ಫಿಲ್ಟರಿಗೇ ಹೋಗುತ್ತದೆ.

ಮೊಬೈಲ್ ವಿಷಯ ಚಿಕ್ಕದು: ಲಾಕರಿನಲ್ಲಿಡಿ. ನೀರು ಹೋಗದ ಫೋನ್ ಎಂದು ಕಂಪನಿ ಹೇಳುವುದು ನಿಂತ ಸಿಹಿನೀರಿನ ಪರೀಕ್ಷೆಯ ಮಾತು. ಕ್ಲೋರಿನ್ ಬೆರೆತು ರಭಸದಿಂದ ಹೊಡೆಯುವ ನೀರಿಗೆ ಆ ಭರವಸೆ ಇಲ್ಲ. ಕೊರಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಂದವರು ದಿನವೆಲ್ಲ ಅದನ್ನೇ ಎತ್ತಿ ಹಿಡಿದಿರುತ್ತಾರೆ, ನೆನೆಯುವುದಿಲ್ಲ. ಊಟದ ವಿಷಯವೂ ಅಷ್ಟೇ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗಲಾಗುವುದಿಲ್ಲ, ಒಪ್ಪಿದೆ. ಬೆಣ್ಣೆಯ ಮೇಲೆ ಬೆಣ್ಣೆ ಹಾಕಿಸಿಕೊಂಡು ತಲೆಕೆಳಗಾಗುವ ಆಟ ಹತ್ತಬೇಡಿ. ಒಣ ಆಟಗಳನ್ನು ಬೆಳಗ್ಗೆಯೇ ಮುಗಿಸಿ, ಬಿಸಿಲೇರಿದ ಮೇಲೆ ನೀರಿಗಿಳಿಯುವುದು ನಮ್ಮ ಮನೆಯ ಕ್ರಮ. ಒಮ್ಮೆ ಇಳಿದರೆ ಮತ್ತೆ ಒಣಗುವ ಮಾತಿಲ್ಲ.

ಸಂಜೆ ಹೊರಗೆ ಬಂದಾಗ ಚಳಿ ಹಿಡಿಯುತ್ತದೆ, ಎಂಥ ಏಪ್ರಿಲ್ ಆಗಿರಲಿ. ಮೈಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಹತ್ತಿರಹತ್ತಿರ 580 ಕ್ಯಾಲೊರಿ ಶಾಖ ಬೇಕು, ಅದರ ಬಹುಪಾಲನ್ನು ನಮ್ಮ ಚರ್ಮದಿಂದಲೇ ಕಿತ್ತುಕೊಳ್ಳುತ್ತದೆ. ಬೆರಳ ತುದಿಗಳು ಸುಕ್ಕುಗಟ್ಟಿರುತ್ತವೆ. ನೀರು ಹೀರಿ ಉಬ್ಬಿದ್ದರಿಂದ ಹಾಗಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅದು ನರಗಳ ಕೆಲಸ, ನರ ತುಂಡಾದ ಬೆರಳು ನೀರಲ್ಲಿ ಸುಕ್ಕಾಗುವುದಿಲ್ಲ. ಅಂದರೆ ನೆನೆಯುವುದಕ್ಕೆ ದೇಹವೂ ತನ್ನದೇ ತಯಾರಿ ಮಾಡಿಕೊಳ್ಳುತ್ತದೆ.

ಈ ಬೇಸಿಗೆಗೆ ನೀವೂ ಹೊರಟಿದ್ದರೆ ಒಂದು ಮಾತು. ಎಲ್ಲವನ್ನೂ ಹೊತ್ತು ತಂದವರು ಕೊನೆಗೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ನಿಂತು ಪೆಚ್ಚಾಗುವುದು ಒಂದೇ ವಸ್ತುವಿಗೆ. ಒಣಗಿದ ಒಳಬಟ್ಟೆ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ಬೇರೆ ಕವರಿನಲ್ಲಿ, ಗಂಟು ಹಾಕಿ.